ನೆಲದ ಹಣ್ಣು

ಸಂಕ್ರಾಂತಿ ಕಳೆದು ಎರಡು ದಿನ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಿಂದ ಒಳಕ್ಕೆ, ರೋಬಸ್ಟಾ ತೋಟದ ಮಧ್ಯೆ ಒಂದು ಹೆಂಚಿನ ಮನೆ. ಮುಂದಿನ ಕಣದಲ್ಲಿ ಹಣ್ಣು ಹರಡಿದೆ: ಈ ಬದಿಗೆ ನಿನ್ನೆಯ ಕೆಂಪು, ಆ ಬದಿಗೆ ವಾರದ ಹಿಂದಿನ ಕಪ್ಪು. ಜಗಲಿಯ ಮೂಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಇನ್ವರ್ಟರಿನಿಂದ ಎಳೆದ ವಯರು, ಮುಗಿಯುತ್ತ ಬಂದ ಎಳ್ಳುಬೆಲ್ಲದ ಡಬ್ಬಿ. ಕೂತವಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಏಳು ತಿಂಗಳಾದ ಹುಡುಗಿ. ಎದುರಿನ ಕುರ್ಚಿಯಲ್ಲಿ ಅವಳ ಸೋದರಮಾವ. ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುತ್ತ ಇಪ್ಪತ್ತೆರಡು ವರ್ಷ ಕಳೆದವರು, ಅಂದು ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಅಕ್ಕನ ಮನೆಗೆ ಬಂದವರು.

"ಎಷ್ಟು ಬಂತು?"

"ನಲವತ್ತೊಂದು."

"ಹಿಂದಿನ ವಾರ?"

"ಅದೂ ನಲವತ್ತರ ಆಸುಪಾಸೇ. ಒಂದು ತಿಂಗಳಿಂದ ಅಲ್ಲೇ ನಿಂತಿದೆ ಮಾವ. ಕೆಸರಿಗೆ ಸಿಕ್ಕಿದ ಜೀಪಿನ ಹಾಗೆ, ಚಕ್ರ ತಿರುಗ್ತದೆ, ಮುಂದೆ ಹೋಗೋದಿಲ್ಲ."

ಮಾತು ಗೇಟ್ ಪರೀಕ್ಷೆಯ ಬಗ್ಗೆ. ಎಂ.ಟೆಕ್ ಸೇರಬೇಕೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗಲಿ, ಸುರತ್ಕಲ್‌ನ ಎನ್‌ಐಟಿಯಾಗಲಿ, ಐಐಟಿಗಳಾಗಲಿ ಮೊದಲು ಕೇಳುವುದು ಇದರ ಸ್ಕೋರು. ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯ ಮೇಲೆ ಇದನ್ನು ನಡೆಸುತ್ತವೆ. 2024ರದ್ದು ಬೆಂಗಳೂರಿನದು, 2025ರದ್ದು ರೂರ್ಕೀಯದು. 2026ರದ್ದು ಗುವಾಹಟಿಯ ಪಾಲು, ಫೆಬ್ರವರಿ 7, 8, 14 ಮತ್ತು 15ಕ್ಕೆ. ಹುಡುಗಿಯ ಪತ್ರಿಕೆ ಎರಡನೇ ವಾರಾಂತ್ಯದಲ್ಲಿ, ಮಧ್ಯಾಹ್ನದ ಪಾಳಿಯಲ್ಲಿ, ಮಂಗಳೂರಿನಲ್ಲಿ. ಉಳಿದಿದ್ದು ನಾಲ್ಕು ವಾರ. ಆ ನಾಲ್ಕು ವಾರವೇ ಮಲೆನಾಡಿನಲ್ಲಿ ರೋಬಸ್ಟಾ ಕುಯ್ಲಿನ ಕಾಲ. ಈ ಪರೀಕ್ಷೆಯ ತಾರೀಕು ಇಟ್ಟವರು ಯಾರೂ ಕಾಫಿ ಬೆಳೆದವರಲ್ಲ ಎಂದು ಹುಡುಗಿಯ ಅಮ್ಮ ಆಗಲೇ ಎರಡು ಸಲ ಹೇಳಿಯಾಗಿತ್ತು.

"ಈಗ ಏನು ಓದ್ತಿದ್ದೀಯ?" ಮಾವ ಕೇಳಿದರು.

"ಸ್ಟೀಲ್ ಸ್ಟ್ರಕ್ಚರ್. ಕಾಲೇಜಲ್ಲಿ ಸರಿಯಾಗಿ ಆಗಿರಲಿಲ್ಲ. ಮೊದಲಿಂದ ಶುರು ಮಾಡಿದ್ದೀನಿ."

"ನಿಲ್ಸು."

"ಮಾವ!"

"ನಿಲ್ಸು ಅಂದೆ. ಮೊದಲು ಆ ನಲವತ್ತೊಂದರ ಹೆಣ ಕೊಯ್ಯೋಣ."

ಹುಡುಗಿಗೆ ಅದು ಇಷ್ಟವಾಗಲಿಲ್ಲ. ಅಣಕು ಪರೀಕ್ಷೆ ಬರೆಯುವುದು ಒಂದು ಹಿಂಸೆ, ಬರೆದದ್ದನ್ನು ತಿರುಗಿ ನೋಡುವುದು ಎರಡನೆಯದು. ಅವಳು ಡಿಸೆಂಬರಿನಿಂದ ಒಂಬತ್ತು ಅಣಕು ಪರೀಕ್ಷೆ ಬರೆದಿದ್ದಳು. ಪ್ರತಿ ಸಲ ಅಂಕ ನೋಡಿ, ಸಪ್ಪಗಾಗಿ, ಲ್ಯಾಪ್‌ಟಾಪ್ ಮುಚ್ಚಿ, ಮಾರನೆಯ ದಿನ ಹೊಸ ಅಧ್ಯಾಯ ತೆರೆದಿದ್ದಳು. ಬಹಳ ಮಕ್ಕಳು ಮಾಡುವುದು ಇದನ್ನೇ. ಅಂಕ ಕಡಿಮೆ ಬಂದರೆ ಓದಿದ್ದು ಸಾಲದು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಓದಿದ್ದು ಎಲ್ಲಿ ಸೋರಿತು ಎಂದು ಹುಡುಕುವವರು ಕಡಿಮೆ.

ಮಾವ ತೋಟದ ಹಳೆಯ ಲೆಕ್ಕದ ಪುಸ್ತಕವೊಂದನ್ನು ಎಳೆದುಕೊಂಡು, ಖಾಲಿ ಹಾಳೆಗೆ ಗೀಟು ಹಾಕಿ ನಾಲ್ಕು ಕಂಬ ಮಾಡಿದರು. ಗೊತ್ತೇ ಇರಲಿಲ್ಲ. ಗೊತ್ತಿತ್ತು, ನೆನಪಾಗಲಿಲ್ಲ. ಗೊತ್ತಿತ್ತು, ಕೈ ತಪ್ಪಿತು. ಸಮಯ ಸಾಲಲಿಲ್ಲ. ನಂತರ ಒಂದೊಂದೇ ಪ್ರಶ್ನೆ.

ಗೇಟ್‌ನಲ್ಲಿ 65 ಪ್ರಶ್ನೆ, 100 ಅಂಕ, 3 ಗಂಟೆ. ಇದರಲ್ಲಿ ಸಾಮಾನ್ಯ ಸಾಮರ್ಥ್ಯದ 10 ಪ್ರಶ್ನೆಗೆ 15 ಅಂಕ. ಅದು ಎಲ್ಲ ವಿಷಯದವರಿಗೂ ಇರುತ್ತದೆ. ಸಿವಿಲ್ ಪತ್ರಿಕೆಯಲ್ಲಿ ಗಣಿತಕ್ಕೆ ಸುಮಾರು 13, ಮಿಕ್ಕ 72 ವಿಷಯಕ್ಕೆ. ಪ್ರಶ್ನೆಗಳು ಮೂರು ಜಾತಿ: ನಾಲ್ಕರಲ್ಲಿ ಒಂದು ಆರಿಸುವುದು, ನಾಲ್ಕರಲ್ಲಿ ಸರಿಯಾದವನ್ನೆಲ್ಲ ಆರಿಸುವುದು, ಸಂಖ್ಯೆಯನ್ನೇ ಬರೆಯುವುದು. ತಪ್ಪಿಗೆ ಅಂಕ ಕಳೆಯುವುದು ಮೊದಲನೆಯ ಜಾತಿಗೆ ಮಾತ್ರ. 1 ಅಂಕದ ಪ್ರಶ್ನೆಗೆ ಮೂರನೇ ಒಂದು ಭಾಗ, 2 ಅಂಕದ್ದಕ್ಕೆ ಮೂರನೇ ಎರಡು ಭಾಗ.

ಒಂದೂವರೆ ಗಂಟೆ ಹಿಡಿಯಿತು. ಮಧ್ಯೆ ಕರೆಂಟು ಹೋಯಿತು, ಬಂತು. ಲೆಕ್ಕ ಹೀಗೆ ನಿಂತಿತು: ಗಳಿಸಿದ್ದು 47, ತಪ್ಪಿಗೆ ಕಳೆದದ್ದು 6, ಕೈಗೆ ಬಂದದ್ದು 41. ಬಾರದ 53ರಲ್ಲಿ ಗೊತ್ತೇ ಇರದಿದ್ದು 24, ನೆನಪಾಗದ್ದು 13, ಕೈ ತಪ್ಪಿದ್ದು 10, ಸಮಯಕ್ಕೆ ಹೋದದ್ದು 6.

ಹುಡುಗಿ ಸುಮ್ಮನೆ ನೋಡಿದಳು. "ನಾನು ಗೊತ್ತಿರದ್ದೇ ಜಾಸ್ತಿ ಅಂದ್ಕೊಂಡಿದ್ದೆ."

"ಅದು ಜಾಸ್ತಿಯೇ. ಆದರೆ ಈ 24ಕ್ಕೆ ಬೇಕಾದ್ದು ನಾಲ್ಕು ತಿಂಗಳು, ಇರೋದು ನಾಲ್ಕು ವಾರ. ಮಿಕ್ಕಿದ್ದು ನೀನು ಒಂದ್ಸಲ ದುಡಿದು ಆಗಿದೆ. ಕೈ ತಪ್ಪಿದ್ದರಲ್ಲಿ ಒಂದು ತೆಗಿ, ನೋಡೋಣ."

ಅವಳು ತೆಗೆದದ್ದು ಮಳೆನೀರಿನ ಲೆಕ್ಕ. 360 ಹೆಕ್ಟೇರ್ ಜಲಾನಯನ, ಗಂಟೆಗೆ 50 ಮಿ.ಮೀ. ಮಳೆ, ಹರಿವಿನ ಗುಣಾಂಕ 0.4. ತುತ್ತತುದಿಯ ಹರಿವು ಸೆಕೆಂಡಿಗೆ ಎಷ್ಟು ಘನ ಮೀಟರ್? ಸೂತ್ರ ಅವಳಿಗೆ ಬಾಯಿಪಾಠ: ಮೂರನ್ನೂ ಗುಣಿಸಿ 360ರಿಂದ ಭಾಗಿಸುವುದು. ಆದರೆ ವಿಸ್ತೀರ್ಣವನ್ನು ಅಭ್ಯಾಸಬಲದಿಂದ ಚದರ ಕಿಲೋಮೀಟರಿಗೆ ತಿರುಗಿಸಿ 3.6 ಮಾಡಿದ್ದಳು. 360ರಿಂದ ಭಾಗಿಸುವುದು ವಿಸ್ತೀರ್ಣ ಹೆಕ್ಟೇರಿನಲ್ಲಿದ್ದಾಗ. ಚದರ ಕಿಲೋಮೀಟರಾದರೆ 3.6ರಿಂದ. ಅವಳ ಉತ್ತರ 0.2. ಸರಿಯುತ್ತರ 20. ಎರಡು ಅಂಕ ಹೋಯಿತು.

"0.2 ಘನ ಮೀಟರ್ ಅಂದ್ರೆ ಎಷ್ಟು ಲೀಟರ್?"

"ಇನ್ನೂರು."

"ಅಲ್ಲಿ ದನದ ಕೊಟ್ಟಿಗೆ ಹತ್ರ ಇರೋ ಡ್ರಮ್ಮು ಎಷ್ಟು ಹಿಡೀತದೆ?"

"ಇನ್ನೂರು," ಎಂದವಳು ತಾನೇ ನಗತೊಡಗಿದಳು.

"360 ಹೆಕ್ಟೇರ್ ಅಂದ್ರೆ 890 ಎಕರೆ ಹತ್ರ. ಇಡೀ ನಿಮ್ಮ ಗುಡ್ಡ, ಆಚೆ ಗುಡ್ಡ ಎಲ್ಲ ಸೇರಿ. ಅದರ ಮೇಲೆ ಆಷಾಢದ ಜಡಿ ಹೊಡೀತಾ ಇದೆ, ಹಳ್ಳದಲ್ಲಿ ಸೆಕೆಂಡಿಗೆ ಬರೋದು ಒಂದು ಡ್ರಮ್ಮು! ಕಳಸದಲ್ಲಿ ಹುಟ್ಟಿದವಳು ನೀನು. ರಾಜಸ್ಥಾನದ ಹುಡುಗಿ ಆಗಿದ್ರೆ ಬಿಡ್ತಿದ್ದೆ."

"20 ಘನ ಮೀಟರ್ ಅಂದ್ರೆ 20,000 ಲೀಟರ್. ಸೆಕೆಂಡಿಗೆ ಒಂದು ಪೆಟ್ರೋಲ್ ಟ್ಯಾಂಕರ್."

"ಹಾಂ, ಅದು ಹಳ್ಳ."

ಈ ಚಿಕ್ಕ ಪ್ರಸಂಗದಲ್ಲಿ ಅರ್ಧ ವಿಷಯ ಬಂದುಬಿಟ್ಟಿತು ಎನ್ನಬೇಕು. ಸಂಖ್ಯೆಯನ್ನೇ ಬರೆಯುವ ಪ್ರಶ್ನೆಗೆ ಆಯ್ಕೆಗಳು ಇರುವುದಿಲ್ಲ, ನಿನ್ನ ಉತ್ತರ ನಾಲ್ಕರಲ್ಲಿ ಇಲ್ಲ ಎಂದು ಎಚ್ಚರಿಸುವವರು ಯಾರೂ ಇಲ್ಲ. ಉತ್ತರ ನಂಬುವಂತಿದೆಯೇ ಎಂದು ಕೇಳಿಕೊಳ್ಳುವುದಕ್ಕೆ ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡಿನ ಅಭ್ಯಾಸವನ್ನು ಹೊಸ ಪುಸ್ತಕವೊಂದರಿಂದ ಪಡೆಯಲಾಗುವುದಿಲ್ಲ. ಕೈ ತಪ್ಪಿದ ಕಂಬದಲ್ಲಿ ಅವಳಿಗೆ ಒಟ್ಟು ಆರು ಪ್ರಶ್ನೆ ಸಿಕ್ಕವು. ನಾಲ್ಕು ಅಳತೆಯ ಮೂಲಮಾನದವು. ಒಂದು, ತ್ರಿಕೋನಮಿತಿಯ ಲೆಕ್ಕದಲ್ಲಿ ಕ್ಯಾಲ್ಕುಲೇಟರು ಡಿಗ್ರಿಯ ಬದಲು ರೇಡಿಯನ್‌ನಲ್ಲಿತ್ತು. ಇನ್ನೊಂದು, 'ಯಾವುದು ಸರಿಯಲ್ಲ' ಎಂಬುದನ್ನು 'ಯಾವುದು ಸರಿ' ಎಂದು ಓದಿದ್ದು.

"ಕ್ಯಾಲ್ಕುಲೇಟರ್ ಯಾವುದು ಬಳಸ್ತೀಯ?"

"ಕಾಲೇಜಿಂದು. ನೋಡಿ, ಇದೇ."

"ಅದನ್ನ ಇವತ್ತೇ ಅಮ್ಮನಿಗೆ ಕೊಡು, ಕೂಲಿ ಲೆಕ್ಕಕ್ಕೆ ಆಗ್ತದೆ."

ಪರೀಕ್ಷೆಯ ಕೋಣೆಗೆ ಸ್ವಂತ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಪರದೆಯ ಮೇಲೇ ಒಂದು ಬರುತ್ತದೆ, ಅದರ ಗುಂಡಿಗಳನ್ನು ಮೌಸಿನಿಂದ ಒಂದೊಂದಾಗಿ ಒತ್ತಬೇಕು. ಉತ್ತರದ ಸಂಖ್ಯೆಯನ್ನೂ ಹಾಗೆಯೇ ಪರದೆಯ ಗುಂಡಿಗಳಿಂದ ತುಂಬಬೇಕು. 2014ರಿಂದ ಎಲ್ಲ ಪತ್ರಿಕೆಗಳೂ ಕಂಪ್ಯೂಟರಿನಲ್ಲೇ ನಡೆಯುತ್ತಿದ್ದರೂ, ಮನೆಯಲ್ಲಿ ಕಾಗದ, ಪೆನ್ನು, ಕೈ ಕ್ಯಾಲ್ಕುಲೇಟರಿನಲ್ಲಿ ಅಭ್ಯಾಸ ಮಾಡಿ ಅಲ್ಲಿ ಹೋಗಿ ತಡವರಿಸುವ ಹುಡುಗರನ್ನು ಮಾವ ಪ್ರತಿ ವರ್ಷ ನೋಡುತ್ತಾರೆ. ಹುಡುಗಿಯದು ಇನ್ನೂ ಒಂದು ಹೆಜ್ಜೆ ಮುಂದೆ: ಅವಳು ಲ್ಯಾಪ್‌ಟಾಪಿನ ಟಚ್‌ಪ್ಯಾಡಿನ ಮೇಲೆ ಬೆರಳು ಆಡಿಸುತ್ತಿದ್ದಳು.

"ಮನೇಲಿ ಮೌಸ್ ಇಲ್ವಾ?"

"ಇತ್ತು. ಇಲಿ ವಯರು ಕಡಿದು ಹಾಕ್ತು."

ಮಾವ ಎರಡು ಕ್ಷಣ ತಡೆದು ಜೋರಾಗಿ ನಕ್ಕರು. ಹುಡುಗಿಗೆ ತಾನು ಹೇಳಿದ್ದು ಆಮೇಲೆ ಹೊಳೆಯಿತು.

ಅಷ್ಟರಲ್ಲಿ ಅಮ್ಮ ಕಾಫಿ ತಂದಿಟ್ಟು, ತಮ್ಮನ ಹತ್ತಿರ ತನ್ನ ಗೋಳು ತೆಗೆದಳು. ಕುಯ್ಯುವವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಗಿಡದ ಮೇಲಿನ ಹಣ್ಣು ಕುಯ್ದರೆ ಚೀಲ ಬೇಗ ತುಂಬುತ್ತದೆ, ನೆಲಕ್ಕೆ ಬಿದ್ದದ್ದನ್ನು ಬಗ್ಗಿ ಆಯುವುದಕ್ಕೆ ಯಾರೂ ಒಪ್ಪುವುದಿಲ್ಲ, ದಿನಗೂಲಿ ಕೊಟ್ಟೇ ಆಯಿಸಬೇಕು. "ಆಯಿಸದೆ ಬಿಟ್ರೆ ಗೊತ್ತಲ್ಲ, ಅದರೊಳಗೇ ಕೊರಕ ಉಳ್ಕೊಂಡು ಮುಂದಿನ ವರ್ಷ ಇಡೀ ತೋಟಕ್ಕೆ ಬರ್ತದೆ." ಕಾಯಿಕೊರಕ ಎಂಬ ಈ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಅದು ಕೊಡಗು, ಚಿಕ್ಕಮಗಳೂರು ಎಲ್ಲ ಕಡೆ ಹಬ್ಬಿತು. ಉಳಿದ ಹಣ್ಣಿನಲ್ಲಿ ಅದು ಬದುಕಿರುತ್ತದೆ, ಅದಕ್ಕೇ ಕುಯ್ಲಿನ ಮೇಲೆ ನೆಲ, ಗಿಡ ಎರಡನ್ನೂ ಬರಿದು ಮಾಡಬೇಕು ಎಂದು ಕಾಫಿ ಬೋರ್ಡಿನವರು ಹೇಳುತ್ತಲೇ ಇರುತ್ತಾರೆ.

ಮಾವ ಬಾಯಿ ತೆರೆದರು.

"ಹೇಳ್ಬೇಡಿ ಮಾವ. ಗೊತ್ತಾಯ್ತು. ನೆಲದ ಹಣ್ಣು ಅಂದ್ರೆ ನನ್ನ 23 ಅಂಕ, ಕೊರಕ ಅಂದ್ರೆ ಅದೇ ತಪ್ಪು ಮತ್ತೆ ಬರೋದು. ಮೇಷ್ಟ್ರುಗಳಿಗೆ ಉದಾಹರಣೆ ಸಿಕ್ಕಿದ್ರೆ ಸಾಕು."

"ನಾನು ಸಕ್ಕರೆ ಕಡಿಮೆ ಇದೆ ಅನ್ನೋದಕ್ಕೆ ಹೊರಟಿದ್ದೆ," ಎಂದರು ಮಾವ.

ಹುಡುಗಿ ಈಗ ಪ್ರಶ್ನೆ ಕೇಳುವ ಸರದಿ ತೆಗೆದುಕೊಂಡಳು. ಮೊಬೈಲಿನಲ್ಲಿ ದಿನಾ ಜಾಹೀರಾತು ಬರುತ್ತದೆ: 30 ದಿನದಲ್ಲಿ 30 ಅಂಕ. ಅಷ್ಟು ಏರುವುದು ಸಾಧ್ಯವಾ?

"ನಂಗೆ ನಂಬಿಕೆ ಇಲ್ಲ. ಅಮೆರಿಕದಲ್ಲಿ ಕಾಲೇಜು ಸೇರೋದಕ್ಕೆ ಎಸ್‌ಎಟಿ ಅಂತ ಪರೀಕ್ಷೆ ಇದೆ. ಅದಕ್ಕೆ ಕೋಚಿಂಗ್ ತಗೊಂಡ್ರೆ ಎಷ್ಟು ಏರ್ತದೆ ಅಂತ ಡೆರೆಕ್ ಬ್ರಿಗ್ಸ್ ಅನ್ನೋರು ಲೆಕ್ಕ ಹಾಕಿ 2009ರಲ್ಲಿ ವರದಿ ಕೊಟ್ರು. ಕೋಚಿಂಗ್‌ನವರು ನೂರು, ಅದಕ್ಕೂ ಜಾಸ್ತಿ ಅಂಕ ಅಂತಿದ್ರು. ಇವರಿಗೆ ಸಿಕ್ಕಿದ್ದು 1600ಕ್ಕೆ ಸುಮಾರು 30."

ಹುಡುಗಿ ಮನಸ್ಸಿನಲ್ಲೇ ಭಾಗಿಸಿದಳು. "ನೂರಕ್ಕೆ ಎರಡೂ ಇಲ್ಲ! ಹಂಗಾದ್ರೆ ನೀವು ಇಷ್ಟೊತ್ತು ಹೇಳಿದ್ದು?"

"ಎಸ್‌ಎಟಿಗೆ ಇಂಥದ್ದೇ ಪುಸ್ತಕ ಅಂತ ಇಲ್ಲ, ಭಾಷೆ ಮತ್ತು ಗಣಿತದ ಸಾಮಾನ್ಯ ಬುದ್ಧಿ ನೋಡ್ತಾರೆ. ಗೇಟ್‌ಗೆ ಸಿಲಬಸ್ ಇದೆ. ಹೋದ ಅಂಕ ಯಾಕೆ ಹೋಯ್ತು ಅಂತ ನಿನ್ನ ಮುಂದೆ ಬರೆದಿದೆ. ಆದ್ರೂ ನಾನು ಮಾತು ಕೊಡೋದಿಲ್ಲ. 23ರಲ್ಲಿ ಹತ್ತು ಬಂದ್ರೆ ನಿನ್ನ ಪುಣ್ಯ."

"ಹತ್ತರಿಂದ ಏನಾಗ್ತದೆ?"

ಇದಕ್ಕೆ ಮಾವ ಲೆಕ್ಕವನ್ನೇ ಬರೆದು ತೋರಿಸಿದರು. ಗೇಟ್‌ನಲ್ಲಿ 100ಕ್ಕೆ ಬಂದ ಅಂಕ ಬೇರೆ, 1000ಕ್ಕೆ ಕೊಡುವ ಸ್ಕೋರು ಬೇರೆ. ಅರ್ಹತೆಯ ಗೆರೆ ಮುಟ್ಟಿದವರಿಗೆ 350. ತುದಿಯ ಶೇ 0.1 ಅಭ್ಯರ್ಥಿಗಳ (ಅಥವಾ ಮೊದಲ ಹತ್ತು ಮಂದಿಯ, ಯಾವ ಸಂಖ್ಯೆ ದೊಡ್ಡದೋ ಅದರ) ಸರಾಸರಿ ಅಂಕಕ್ಕೆ 900. ನಡುವಿನದ್ದೆಲ್ಲ ಅದೇ ಅಳತೆಗೋಲಿನ ಮೇಲೆ. ಅರ್ಹತೆ 30, ತುದಿಯ ಸರಾಸರಿ 80 ಎಂದಿಟ್ಟುಕೊಂಡರೆ ನಡುವೆ 50 ಅಂಕ, 550 ಸ್ಕೋರು. ಒಂದೊಂದು ಅಂಕಕ್ಕೆ 11. ಅಂದರೆ 41ಕ್ಕೆ 471, 51ಕ್ಕೆ 581. ಸಿವಿಲ್‌ನಂತೆ ಎರಡು ಪಾಳಿಯಲ್ಲಿ ನಡೆಯುವ ಪತ್ರಿಕೆಗೆ, ಒಂದು ಪಾಳಿ ಕಷ್ಟ ಇನ್ನೊಂದು ಸುಲಭ ಆಗದ ಹಾಗೆ ಅಂಕಗಳನ್ನು ಮೊದಲು ಸರಿದೂಗಿಸುತ್ತಾರೆ. ಸ್ಕೋರು ಮೂರು ವರ್ಷ ಊರ್ಜಿತ. ಎಂ.ಟೆಕ್ ಸೇರಿದ ಗೇಟ್ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಈ ಕೊನೆಯ ಸಂಖ್ಯೆ ಕೇಳಿದ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ತಿಂಗಳಿಗಾ, ವರ್ಷಕ್ಕಾ?" ಎಂದು ಖಾತ್ರಿ ಮಾಡಿಕೊಂಡು ಹೋದಳು.

ಒಂದು ಕಾಲದಲ್ಲಿ ಈ ಭಾಗದ ಎಂಜಿನಿಯರ್ ಹುಡುಗರ ಕಣ್ಣು ಇಷ್ಟು ದೂರ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕುದುರೆಮುಖದ ಗಣಿ ಇತ್ತು, ಟೌನ್‌ಶಿಪ್ಪು ಇತ್ತು. 2005ರ ಕೊನೆಗೆ ಗಣಿ ನಿಂತಿತು. ಈಗ ಕಳಸದಿಂದ ಹೊರಟ ಬಸ್ಸು ಆ ಖಾಲಿ ಕ್ವಾರ್ಟರ್ಸುಗಳ ಹತ್ತಿರದಿಂದಲೇ ಕಾರ್ಕಳದ ಕಡೆಗೆ ಇಳಿಯುತ್ತದೆ. ಅದು ಬೇರೆ ಕತೆ.

"ಸರಿ, ನೆನಪಾಗದ 13 ಅಂಕ ಹೇಗೆ ಆಯೋದು? ನಾನು ನೋಟ್ಸ್ ಮೂರು ಸಲ ಓದಿದ್ದೀನಿ."

"ಓದಿದ್ದೇ ತೊಂದರೆ. ಮುಚ್ಚಿಟ್ಟು ಬರೆದಿದ್ದೀಯಾ?"

ಮಾವ ಹೇಳಿದ ಪ್ರಯೋಗ 2006ರದ್ದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಮೂರು ಅವಧಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಶೇ 83ಕ್ಕೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ತಿರುಗಾಮುರುಗಾ: ಓದಿದವರಿಗೆ ಶೇ 40 ಉಳಿದಿತ್ತು, ಬರೆದು ನೋಡಿದವರಿಗೆ ಶೇ 61.

"ಅಂದ್ರೆ ಓದಿದ ದಿನ ಎಲ್ಲ ಬರ್ತದೆ ಅಂತ ಅನ್ನಿಸೋದೇ ಮೋಸ," ಎಂದಳು ಹುಡುಗಿ.

"ಅನ್ನಿಸ್ತದೆ. ಯಾಕಂದ್ರೆ ಪುಸ್ತಕ ಎದುರಿಗಿದೆ. ನಮ್ಮಜ್ಜ ಸಂಜೆ ದೀಪ ಹಚ್ಚಿದ ಮೇಲೆ ಹದಿಮೂರರ ಮಗ್ಗಿ ಕೆಳಗಿಂದ ಮೇಲಕ್ಕೆ ಹೇಳಿಸ್ತಿದ್ರು. ಅವರಿಗೆ ರೋಡಿಗರ್ ಗೊತ್ತಿರಲಿಲ್ಲ."

"ಮೂಡಿಗೆರೆ ತೋಟಗಾರಿಕೆ ಕಾಲೇಜಲ್ಲಿ ನನ್ನ ಗೆಳತಿ ಇದ್ದಾಳೆ. ಎಂ.ಎಸ್ಸಿಗೆ ಐಸಿಎಆರ್ ಪರೀಕ್ಷೆ ಬರೀಬೇಕು ಅಂತ ಓದ್ತಿದ್ದಾಳೆ. ರಾತ್ರಿ ಫೋನಲ್ಲಿ ಅವಳು ನನ್ನನ್ನ ಕೇಳಬಹುದಾ? ಚೀಟಿ ಬರೆದು ಫೋಟೊ ಕಳ್ಸಿದ್ರೆ ಆಯ್ತು."

"ಅವಳಿಗೆ ಸಿವಿಲ್ ಎಂಥ ಗೊತ್ತು?"

"ಏನೂ ಇಲ್ಲ. ನಂಗೂ ಮೆಣಸಿನ ಬಳ್ಳಿ ರೋಗ ಅವಳಷ್ಟು ಗೊತ್ತಿಲ್ಲ. ಅದೇ ಒಳ್ಳೇದಲ್ವಾ? ಉತ್ತರ ಹತ್ರ ಬಂದ್ರೂ ಬಿಡೋದಿಲ್ಲ, ಚೀಟೀಲಿ ಇದ್ದ ಹಾಗೇ ಹೇಳು ಅಂತಾಳೆ."

ಇದು ಮಾವನಿಗೆ ಹೊಳೆಯದ ಉಪಾಯ. ಅವರು ಒಪ್ಪಿದ್ದು ಮಾತ್ರವಲ್ಲ, ಲೆಕ್ಕದ ಪುಸ್ತಕದ ಅಂಚಿನಲ್ಲಿ ತಮಗಾಗಿ ಬರೆದುಕೊಂಡರು. ಸಿಗ್ನಲ್ ಸಿಗುವುದು ಮನೆಯ ಹಿಂದಿನ ದಿಬ್ಬದ ಮೇಲೆ, ಹಲಸಿನ ಮರದ ಬುಡದಲ್ಲಿ ಮಾತ್ರ. ಹಾಗಾಗಿ ಈ ಪಾಠಶಾಲೆ ಅಲ್ಲೇ, ಟಾರ್ಚ್ ಬೆಳಕಿನಲ್ಲಿ.

ಉಳಿದದ್ದು ಅಂದಾಜಿನ ವಿಷಯ. ಇದರಲ್ಲಿ ಹುಡುಗಿಗೆ ಭಯ ಹೆಚ್ಚು. ತಪ್ಪಿಗೆ ಕಳೆದುಹೋದ 6 ಅಂಕ ನೋಡಿದ ಮೇಲೆ, ಖಚಿತವಿಲ್ಲದ್ದನ್ನು ಮುಟ್ಟುವುದೇ ಇಲ್ಲ ಎಂದು ಶಪಥ ಮಾಡುವವಳಿದ್ದಳು.

"ಶಪಥ ಬೇಡ, ಲೆಕ್ಕ ಮಾಡು. ನಾಲ್ಕು ಆಯ್ಕೆ, ಏನೂ ಗೊತ್ತಿಲ್ಲ, ಕಣ್ಣು ಮುಚ್ಚಿ ಒತ್ತಿದೆ. ಸರಾಸರಿ ಎಷ್ಟು?"

"ನಾಲ್ಕರಲ್ಲಿ ಒಂದು ಸಲ 1 ಅಂಕ, ಮೂರು ಸಲ ಮೂರನೇ ಒಂದು ಭಾಗ ಕಳೀತದೆ. ಸೊನ್ನೆ."

"ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತು. ಆಗ?"

ಅವಳು ಬರೆದಳು. "ಒಂಬತ್ತನೇ ಒಂದು ಭಾಗ ಲಾಭ. 2 ಅಂಕದ್ದಾದ್ರೆ ಒಂಬತ್ತನೇ ಎರಡು. ಎರಡು ಆಯ್ಕೆ ಹೊಡೆದು ಹಾಕಿದ್ರೆ, 2 ಅಂಕದ ಪ್ರಶ್ನೇಲಿ ಮೂರನೇ ಎರಡು ಭಾಗ."

"ಹಾಗಾದ್ರೆ ಎರಡು ಹೊಡೆದು ಹಾಕಿದ ಮೇಲೂ ಬಿಟ್ಟು ಬಂದ್ರೆ ಅದು ನಷ್ಟ. ಏನೂ ಗೊತ್ತಿಲ್ಲದೆ ಒತ್ತಿದ್ರೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಬರೀ ಜೂಜು. ಸಂಖ್ಯೆ ಬರೆಯೋದಕ್ಕೆ, ಸರಿಯಾದವನ್ನೆಲ್ಲ ಆರಿಸೋದಕ್ಕೆ ಏನೂ ಕಳೆಯೋದಿಲ್ಲ. ಅಲ್ಲಿ ಖಾಲಿ ಬಿಟ್ಟಿದ್ದೀಯಲ್ಲ ಐದು, ಅದಕ್ಕೆ ಎಂಥ ಹೇಳ್ತೀಯ?"

ಅವಳು ಏನೂ ಹೇಳಲಿಲ್ಲ. ಎರಡರಲ್ಲಿ ಲೆಕ್ಕ ಮುಕ್ಕಾಲು ಆಗಿತ್ತು.

ಪರೀಕ್ಷೆ ಬದಲಾದರೆ ಜೂಜಿನ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಇಲ್ಲೇ ಹೇಳಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಪಿಜಿಯಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ. ಅಲ್ಲಿ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ ಕಾಲು ಅಂಕ ಬರುತ್ತದೆ. ನಮ್ಮ ರಾಜ್ಯದ ಪಿಜಿಸಿಇಟಿಯಲ್ಲಿ ತಪ್ಪಿಗೆ ಕಡಿತವೇ ಇಲ್ಲ, ಆದ್ದರಿಂದ ಅಲ್ಲಿ ಒಂದನ್ನೂ ಖಾಲಿ ಬಿಡುವ ಹಾಗಿಲ್ಲ. ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆಯುವ ಮಕ್ಕಳು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತಾರೆ.

"ಇನ್ನೊಂದು ಮಾವ. ಮೊದಲು ಹೊಳೆದ ಉತ್ತರ ಬದಲಿಸಬಾರದು ಅಂತಾರಲ್ಲ, ನಮ್ಮ ಸೀನಿಯರ್ ಎಲ್ಲ ಅದೇ ಹೇಳಿದ್ದು."

"ನಾನೂ ಹಾಗೇ ಹೇಳ್ತಿದ್ದೆ. ಹತ್ತು ವರ್ಷ ಹೇಳಿದ್ದೀನಿ. ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರ 2005ರ ಲೇಖನ ಓದಿದೆ. 1,561 ಉತ್ತರ ಪತ್ರಿಕೆಗಳಲ್ಲಿ ರಬ್ಬರಿಂದ ಅಳಿಸಿದ ಗುರುತು ಹಿಡಿದು ಎಣಿಸಿದ್ರು. ಬದಲಿಸಿದ್ದರಲ್ಲಿ ಅರ್ಧ ತಪ್ಪಿಂದ ಸರಿಗೆ ಹೋಗಿತ್ತು, ಸರಿಯಿಂದ ತಪ್ಪಿಗೆ ಹೋಗಿದ್ದು ಕಾಲು ಭಾಗ. ಬದಲಿಸಿ ಕೆಟ್ಟದ್ದು ಹೊಟ್ಟೆ ಉರಿಸ್ತದೆ, ಅದಕ್ಕೇ ನೆನಪಲ್ಲಿ ಉಳೀತದೆ. ಕಾರಣ ಇದ್ರೆ ಬದಲಿಸು. ಕೈ ನಡುಗಿತು ಅಂತ ಬದಲಿಸಬೇಡ."

ಸಾಮಾನ್ಯ ಸಾಮರ್ಥ್ಯದಲ್ಲಿ ಅವಳಿಗೆ 15ಕ್ಕೆ 8 ಬಂದಿತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಪದಗಳ ಸಂಬಂಧ ಕೇಳುವ ಪ್ರಶ್ನೆಗಳಲ್ಲಿ ಎಡವುತ್ತಾಳೆ. ನಾಲ್ಕು ವಾರದಲ್ಲಿ ಇಂಗ್ಲಿಷ್ ಬದಲಾಗುವುದಿಲ್ಲ, ಅದನ್ನು ಬಿಡು ಎಂದರು ಮಾವ. ಕಾಗದ ಮಡಚಿ ಕತ್ತರಿಸಿದರೆ ಯಾವ ಆಕಾರ, ಇಷ್ಟು ಆಳು ಇಷ್ಟು ದಿನ ಮಾಡಿದ ಕೆಲಸವನ್ನು ಮತ್ತಿಷ್ಟು ಆಳು ಎಷ್ಟು ದಿನದಲ್ಲಿ ಮುಗಿಸುತ್ತಾರೆ, ಇಂಥವು ದಿನಕ್ಕೆ ಹತ್ತು, ಹಳೆಯ ಪತ್ರಿಕೆಗಳಿಂದಲೇ. ಆಳಿನ ಲೆಕ್ಕ ಈ ಮನೆಯಲ್ಲಿ ಯಾರಿಗೂ ಹೊಸದಲ್ಲ.

ಕಷ್ಟದ ಮಾತು ಕೊನೆಗೆ ಬಂತು.

"ವಾರಕ್ಕೆ ಎರಡು ಅಣಕು ಪರೀಕ್ಷೆ ಸಾಕು, ಆದರೆ ಸರಿಯಾಗಿ ಎರಡೂವರೆಗೆ ಕೂತು ಐದೂವರೆಗೆ ಏಳಬೇಕು. ನಿನ್ನ ಪಾಳಿ ಅದೇ ತಾನೇ? ಊಟ ಆದ ಮೇಲೆ ತೂಕಡಿಕೆ ಬರೋ ಹೊತ್ತು ಅದು. ಮೈ ಅದಕ್ಕೆ ಒಗ್ಗಬೇಕು."

ಹುಡುಗಿ ಕಣದ ಕಡೆ ನೋಡಿದಳು. "ನಾಲ್ಕೂವರೆಗೆ ಹಣ್ಣಿನ ತೂಕ. ಅಮ್ಮ ತೂಗ್ತಾಳೆ, ನಾನು ಬರೀಬೇಕು. ರೈಟರ್ ಇಡೋ ಅಷ್ಟು ದೊಡ್ಡ ತೋಟ ಅಲ್ಲ ನಮ್ದು."

"ಅಕ್ಕನ ಹತ್ರ ನಾನು ಮಾತಾಡ್ತೀನಿ."

"ಬೇಡ. ಅಮ್ಮ ಹೂಂ ಅಂತಾಳೆ, ಆಮೇಲೆ ಒಬ್ಳೇ ತೂಗಿ, ಒಬ್ಳೇ ಬರೆದು, ಕತ್ತಲಾದ ಮೇಲೆ ಬೆನ್ನು ಹಿಡ್ಕೊಂಡು ಕೂರ್ತಾಳೆ. ವಾರಕ್ಕೆ ಎರಡು ದಿನ ಅಂದ್ರಲ್ಲ? ಭಾನುವಾರ ಕುಯ್ಲಿಲ್ಲ, ಅದೊಂದು. ಬುಧವಾರ ಸಂತೆ, ಆಳುಗಳು ಬೇಗ ಹೋಗ್ತಾರೆ, ತೂಕ ಎರಡಕ್ಕೇ ಮುಗೀತದೆ. ಅವೆರಡು ದಿನ."

ಮಾವ ತಲೆಯಾಡಿಸಿದರು. ಪರೀಕ್ಷೆಯ ಹಿಂದಿನ ದಿನವೇ ಮಂಗಳೂರಿಗೆ ಇಳಿದು ಚಿಕ್ಕಮ್ಮನ ಮನೆಯಲ್ಲಿ ಮಲಗುವುದು, ಘಟ್ಟದ ತಿರುವುಗಳಲ್ಲಿ ಅವಳಿಗೆ ವಾಂತಿಯಾಗುವುದರಿಂದ ಬಸ್ಸಿನಲ್ಲಿ ಪುಸ್ತಕ ತೆರೆಯದಿರುವುದು, ಕೊನೆಯ ಮೂರು ದಿನ ಅಣಕು ಪರೀಕ್ಷೆ ಇಲ್ಲ, ನಾಲ್ಕು ಕಂಬದ ಪುಸ್ತಕ ಮಾತ್ರ. ಇದಿಷ್ಟು ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ಸ್ಟೀಲ್ ಸ್ಟ್ರಕ್ಚರ್ ಬಗ್ಗೆ ಮಾತ್ರ ರಾಜಿಯಾಗಲಿಲ್ಲ. ಅದರಲ್ಲಿ ಬೋಲ್ಟು, ವೆಲ್ಡಿಂಗ್ ಜೋಡಣೆಯ ಭಾಗ ತನಗೆ ಅರ್ಧ ಬರುತ್ತದೆ, ಬಿಡುವುದಿಲ್ಲ ಎಂದಳು. ಎರಡು ದಿನಕ್ಕಿಂತ ಹೆಚ್ಚು ಕೊಡಬೇಡ ಎಂದರು. ನಾಲ್ಕು ಎಂದಳು. ಮಾತು ಅಲ್ಲಿಗೇ ನಿಂತಿತು.

ನಾಲ್ಕೂವರೆ. ಕಣದ ಅಂಚಿನಲ್ಲಿ ಚೀಲಗಳು ಸಾಲಾಗಿ ಬಂದವು. ಅಮ್ಮ ತಕ್ಕಡಿಯ ಕೊಂಡಿಗೆ ಚೀಲ ಸಿಕ್ಕಿಸಿ ತೂಕ ಕೂಗಿದಳು, ಹುಡುಗಿ ಬರೆದಳು. ಮಾವ ಕುರ್ಚಿ ಎಳೆದುಕೊಂಡು ನೋಡುತ್ತ ಕೂತರು. ಸಾಲಿನಲ್ಲಿ ನಾಲ್ಕನೆಯವಳಾಗಿದ್ದ ಹೆಂಗಸು ಚೀಲ ಕೆಳಗಿಳಿಸಿ, ಪುಸ್ತಕದ ಕಡೆ ನೋಡದೆಯೇ ಹೇಳಿದಳು:

"ಅಮ್ಮಯ್ಯ, ಮೊನ್ನೆ ನಂದು ಎಂಬತ್ತಾರು. ನೀವು ಅರವತ್ತೆಂಟು ಓದಿದ್ರಿ ನಿನ್ನೆ."

ಹುಡುಗಿ ಹಾಳೆ ಹಿಂದಕ್ಕೆ ತಿರುಗಿಸಿದಳು. 68 ಎಂದಿತ್ತು. ಬೆರಳಿಟ್ಟು ಆ ದಿನದ ಚೀಲಗಳನ್ನು ಕೂಡಿದಳು: 44, 42.

"ಸೋಮವಾರ ಎಷ್ಟಿತ್ತು?" ಮಾವ ಆ ಹೆಂಗಸನ್ನು ಕೇಳಿದರು.

"ಸೋಮವಾರ ಎಪ್ಪತ್ತೊಂದು. ಮಂಗಳವಾರ ಎಪ್ಪತ್ತೊಂಬತ್ತು. ಬುಧವಾರ ನಾನು ಬರಲಿಲ್ಲ," ಎಂದು ಆಕೆ ತಲೆಗೆ ಸುತ್ತಿದ ಟವೆಲು ಬಿಚ್ಚಿ ಕೊಡವಿದಳು. "ದಿನಾ ರಾತ್ರಿ ಮಗನ ಹತ್ರ ಹೇಳ್ತೀನಲ್ಲ."

ಹುಡುಗಿ 68 ಹೊಡೆದು ಹಾಕಿ 86 ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ಆಮೇಲೆ ನಾಲ್ಕು ಕಂಬದ ಪುಸ್ತಕ ತೆರೆದು, ಮೂರನೆಯ ಕಂಬದಲ್ಲಿ ಮಳೆನೀರಿನ ಲೆಕ್ಕದ ಕೆಳಗೆ, ಸಣ್ಣಕ್ಷರದಲ್ಲಿ ಅದನ್ನೂ ಸೇರಿಸಿದಳು.

"ಮುಂದಿನ ಚೀಲ," ಎಂದಳು ಅಮ್ಮ. "ಮೂವತ್ತೊಂಬತ್ತು."